ಜೇನುಮೇಣವೋ ಗಿಡದ ಮೇಣವೋ? ಪೊಟ್ಟಣ ಓದಿ ತಿಳಿಯಿರಿ
ಕಾಕತಿ ಸುತ್ತಿನ ಹೊಲಗಳಲ್ಲಿ ಕಬ್ಬು ಕಡಿಯುವವರ ಕೈಗೆ ಬಿಳಿ ಹುಡಿ ಅಂಟುತ್ತದೆ. ಗೆಣ್ಣಿನ ಕೆಳಗೆ ದಟ್ಟವಾಗಿರುವ ಆ ಹುಡಿ ಧೂಳಲ್ಲ, ಮೇಣ. ಬಿಸಿಲಿಗೆ ಒಳಗಿನ ನೀರು ಆರದಂತೆ ಕಬ್ಬೇ ಮಾಡಿಕೊಂಡ ಹೊದಿಕೆ. ಕಾರ್ಖಾನೆಯಲ್ಲಿ ರಸ ಸೋಸಿದಾಗ ಅದರ ಒಂದು ಪಾಲು ಮಡ್ಡಿಯಲ್ಲಿ ಉಳಿಯುತ್ತದೆ. ಅಕ್ಕಿ ತೌಡಿನ ಎಣ್ಣೆ ಶುದ್ಧ ಮಾಡುವಾಗಲೂ ಮೇಣ ಸಿಗುತ್ತದೆ. ಎಲ್ಲಕ್ಕಿಂತ ಗಟ್ಟಿಯೆಂದು ಹೆಸರಾದದ್ದು ಕಾರ್ನೌಬಾ. ಬ್ರೆಜಿಲ್ ದೇಶದ ತಾಳೆ ಜಾತಿಯ ಮರದ ಎಲೆ ಒಣಗಿಸಿ, ಬಡಿದು ತೆಗೆಯುತ್ತಾರೆ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿಗೆ ಕರಗಿದರೆ ಇದಕ್ಕೆ 80 ದಾಟಬೇಕು. ಆದ್ದರಿಂದಲೇ ಮಿಠಾಯಿ, ಗುಳಿಗೆಗಳ ಹೊಳಪಿಗೂ ಕಾರಿನ ಪಾಲಿಶಿಗೂ ಅದೇ ಬೇಕು.

ಮಧುತ್ಯಾಗ ಪಾಲಿಸುವ ಮನೆಯವರು ಪೊಟ್ಟಣದ ಹಸಿರು ಗುರುತು ನೋಡಿ ಸುಮ್ಮನಾದರೆ ಸಾಲದು. ದೇಶದ ಆಹಾರ ನಿಯಮವು ಜೇನುಮೇಣವನ್ನೂ ಅರಗನ್ನೂ ಮಾಂಸಾಹಾರದ ಲೆಕ್ಕಕ್ಕೆ ಸೇರಿಸಿಲ್ಲ. ಅವು ಇದ್ದರೂ ಹಸಿರು ಗುರುತು ಇರಬಹುದು. ಸಾಮಗ್ರಿಗಳ ಪಟ್ಟಿಯಲ್ಲಿ 901 ಎಂದಿದ್ದರೆ ಜೇನುಮೇಣ. 904 ಎಂದರೆ ಶೆಲ್ಯಾಕ್, ಅಂದರೆ ಕೀಟದಿಂದ ಬಂದ ಅರಗು. 902 ಮೆಕ್ಸಿಕೊದ ಕುರುಚಲು ಗಿಡದ ಕ್ಯಾಂಡೆಲಿಲ್ಲಾ, 903 ಕಾರ್ನೌಬಾ, ಇವೆರಡೂ ಗಿಡಮೂಲದವು. ಕನ್ನಡಕ ಹಾಕಿಕೊಂಡೇ ಓದಬೇಕು, ಅಕ್ಷರಗಳು ಅಷ್ಟು ಸಣ್ಣವು. ಬಿಡಿಯಾಗಿ ಮಾರುವ ಹೊಳೆಯುವ ಸೇಬಿಗೆ ಯಾವ ಮೇಣ ಹಚ್ಚಿದ್ದಾರೆಂದು ತಿಳಿಯುವುದು ಕಷ್ಟ. ಸಿಪ್ಪೆ ತೆಗೆದು ತಿನ್ನುವುದೇ ಒಳಿತು.