ನುಗ್ಗೇಹಳ್ಳಿಗೆ ಹೋಗುವವರು ಎಲ್ಲಿ ತಂಗಬೇಕು?

ಹಾಸನ ಜಿಲ್ಲೆಯ ದೇವಾಲಯಗಳನ್ನು ನೋಡಲು ಬೆಂಗಳೂರಿನಿಂದ ಹೊರಡುವವರ ದಿನಚರಿ ಬಹುಮಟ್ಟಿಗೆ ಒಂದೇ. ನಸುಕಿನಲ್ಲಿ ಬಸ್ಸು, ಬಿಸಿಲೇರುವ ಮುನ್ನ ಶ್ರವಣಬೆಳಗೊಳದ ಬೆಟ್ಟ, ಮಧ್ಯಾಹ್ನ ಹಳೇಬೀಡು, ಸಂಜೆ ಬೇಲೂರು, ರಾತ್ರಿ ಮತ್ತೆ ಬೆಂಗಳೂರಿನ ದಾರಿ. ಈ ಓಟದಲ್ಲಿ ನೋಡಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಎಣಿಸಲು ಪುರುಸೊತ್ತಿರುವುದಿಲ್ಲ. ಹಾಗೆ ಬಿಟ್ಟುಹೋಗುವ ಊರುಗಳಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯೂ ಒಂದು. ಚನ್ನರಾಯಪಟ್ಟಣದಿಂದ ತಿಪಟೂರಿನ ಕಡೆಗೆ ಸುಮಾರು 20 ಕಿ.ಮೀ. ಹೋದರೆ ಈ ಊರು ಸಿಗುತ್ತದೆ.

ಹದಿಮೂರನೆಯ ಶತಮಾನದಲ್ಲಿ ಇದು ವಿಜಯ ಸೋಮನಾಥಪುರವೆಂಬ ಹೆಸರಿನ ಅಗ್ರಹಾರ. ಹೊಯ್ಸಳ ದೊರೆ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಇಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದ. ದೊರೆ ಆಗ ಹೆಚ್ಚಾಗಿ ತಮಿಳು ಸೀಮೆಯಲ್ಲಿ, ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ ಇರುತ್ತಿದ್ದ. ರಾಜ ದೂರವಿದ್ದ ಆ ಕಾಲದಲ್ಲೂ ಕನ್ನಡ ನಾಡಿನಲ್ಲಿ ಕಲ್ಲಿನ ಕೆಲಸ ನಿಲ್ಲಲಿಲ್ಲ. ಮೂರೇ ವರ್ಷಗಳ ಬಳಿಕ, 1249ರಲ್ಲಿ, ಅದೇ ಊರಿನಲ್ಲಿ ಸದಾಶಿವ ದೇವಾಲಯವೂ ಎದ್ದಿತು.

ಎರಡೂ ಗುಡಿಗಳನ್ನು ಒಟ್ಟಿಗೆ ನೋಡುವುದರಲ್ಲೇ ಸ್ವಾರಸ್ಯವಿದೆ. ಲಕ್ಷ್ಮೀನರಸಿಂಹ ದೇವಾಲಯ ತ್ರಿಕೂಟ. ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹ ಮೂವರಿಗೂ ಬೇರೆ ಬೇರೆ ಗರ್ಭಗುಡಿ. ಅದರ ಅಡಿಪಾಯದ ಮೇಲಿನ ಪಟ್ಟಿಕೆಗಳಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿಗಳು, ಪುರಾಣದ ಕಥೆಗಳು, ಮಕರಗಳು, ಹಂಸಗಳು. ಅವುಗಳ ಮೇಲೆ ದೇವತೆಗಳ ದೊಡ್ಡ ಮೂರ್ತಿಗಳು. ಅಂಗೈಯಷ್ಟು ಜಾಗವೂ ಖಾಲಿಯಿಲ್ಲವೇನೋ ಎನ್ನಿಸುವ ಕೆಲಸ. ಸದಾಶಿವ ದೇವಾಲಯದ ಹೊರಗೋಡೆಯಾದರೋ ಬಹುತೇಕ ಬೋಳು. ಅಲ್ಲಿ ನಕ್ಷತ್ರಾಕಾರದ ಕೋನಗಳು ಮತ್ತು ಶಿಖರವೇ ಅಲಂಕಾರ. ಹೊಯ್ಸಳರೆಂದರೆ ಕಿಕ್ಕಿರಿದ ಕೆತ್ತನೆ ಎಂದು ತಿಳಿದವರಿಗೆ ಈ ಸರಳ ಗುಡಿ ಬೇರೊಂದು ಪಾಠ ಹೇಳುತ್ತದೆ.

<b>ಉಳಿ ಹಿಡಿದವರ ಹೆಸರು</b>

ನುಗ್ಗೇಹಳ್ಳಿಯ ಇನ್ನೊಂದು ಹೆಚ್ಚುಗಾರಿಕೆ ಶಿಲ್ಪಿಗಳ ಹೆಸರು ಉಳಿದಿರುವುದು. ದೇವಾಲಯದ ದಕ್ಷಿಣದ ಕಡೆ ಬೈಚೋಜನ ಕೈವಾಡ, ಉತ್ತರದ ಕಡೆ ಮಲ್ಲಿತಮ್ಮನದು. 1268ರ ಸೋಮನಾಥಪುರದ ಕೇಶವ ದೇವಾಲಯದಲ್ಲೂ ಮಲ್ಲಿತಮ್ಮನ ಹೆಸರು ಸಿಗುತ್ತದೆ. ಎಂದರೆ, ಒಬ್ಬನೇ ಶಿಲ್ಪಿಯ ಕೈ ಇಪ್ಪತ್ತೆರಡು ವರ್ಷಗಳಲ್ಲಿ ಹೇಗೆ ಸಾಗಿತೆಂದು ಎರಡು ಊರುಗಳನ್ನು ನೋಡಿ ತಿಳಿಯಬಹುದು. ಸ್ಪೇನ್ ದೇಶದ ಸ್ಯಾಂಟಿಯಾಗೋ ದೇ ಕಂಪೋಸ್ಟೆಲಾದ ಪ್ರಸಿದ್ಧ ಚರ್ಚಿನ ಮಹಾದ್ವಾರದಲ್ಲಿ 1188ರ ಶಾಸನವೊಂದು ಮತೇವೋ ಎಂಬ ಶಿಲ್ಪಾಚಾರ್ಯನ ಹೆಸರು ಹೇಳುತ್ತದೆ. ಯೂರೋಪಿನವರು ಅದನ್ನು ಬಹಳ ಹೆಮ್ಮೆಯಿಂದ ತೋರಿಸುತ್ತಾರೆ. ನಮ್ಮಲ್ಲಿ ಅಂಥ ಹೆಸರುಗಳು ಗೋಡೆಗೋಡೆಯಲ್ಲಿವೆ. ನಿಂತು ನೋಡುವವರು ಬೇಕು, ಅಷ್ಟೆ.

ನಿಂತು ನೋಡುವುದಕ್ಕೂ ಹೊತ್ತು ಗೊತ್ತಿರಬೇಕು. ನಮ್ಮ ಸೀಮೆಯಲ್ಲಿ ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಬೈಚೋಜನ ಗೋಡೆಗೆ ಬಿಸಿಲು, ಮಲ್ಲಿತಮ್ಮನ ಗೋಡೆಗೆ ನೆರಳು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ. ಬಳಪದ ಕಲ್ಲಿನ ಆಳವಾದ ಕೆತ್ತನೆ ನೆತ್ತಿಯ ಬಿಸಿಲಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ, ಸಂಜೆಯ ಓರೆ ಬೆಳಕಿನಲ್ಲಿ ಒಡವೆಯ ಒಂದೊಂದು ಮಣಿಯೂ ಎದ್ದು ನಿಲ್ಲುತ್ತದೆ. ಮೇಲಾಗಿ ಇದು ಪೂಜೆ ನಡೆಯುವ ಗುಡಿ. ಇಂಥ ಹಳ್ಳಿಯ ಗುಡಿಗಳಲ್ಲಿ ಮಧ್ಯಾಹ್ನ ಬಾಗಿಲಿಗೆ ಬೀಗ ಬೀಳುವುದು ಸಾಮಾನ್ಯ. ಬೆಳಕಿಗೂ ಬೀಗಕ್ಕೂ ಹೊಂದಿಕೊಂಡು ನೋಡಬೇಕಾದರೆ ಹತ್ತಿರದಲ್ಲಿ ಒಂದು ರಾತ್ರಿ ತಂಗಲೇಬೇಕು.

<b>ಛತ್ರದಿಂದ ಹೋಟೆಲಿಗೆ</b>

ಹಿಂದಿನವರಿಗೆ ಇದು ಸಮಸ್ಯೆಯಾಗಿರಲಿಲ್ಲ. ದೇವಾಲಯಕ್ಕೆ ಬಿಟ್ಟ ದತ್ತಿಗಳಲ್ಲಿ ನಂದಾದೀಪ, ನೈವೇದ್ಯಗಳ ಜೊತೆಗೆ ಸತ್ರವನ್ನೂ ಹೇಳುವ ಶಾಸನಗಳಿವೆ. ಯಾತ್ರಿಕನಿಗೆ ಊಟ ಸತ್ರದಲ್ಲಿ, ನಿದ್ದೆ ಮಂಟಪದಲ್ಲಿ. ಮುಂದೆ ಛತ್ರಗಳು, ಮುಸಾಫಿರಖಾನೆಗಳು ಬಂದವು. ಅಧಿಕಾರಿಗಳಿಗೆ ಪ್ರವಾಸಿ ಬಂಗಲೆಗಳಾದವು. ಸ್ಪೇನಿನಲ್ಲಿಯೂ ಹೀಗೆಯೇ ನಡೆಯಿತು. ಸ್ಯಾಂಟಿಯಾಗೋಗೆ ಕಾಲ್ನಡಿಗೆಯಲ್ಲಿ ಬರುವ ಯಾತ್ರಿಕರಿಗೆಂದು ಅಲ್ಲಿನ ರಾಜದಂಪತಿ ಇಸಬೆಲ್ಲಾ ಮತ್ತು ಫರ್ಡಿನಾಂಡ್ 1499ರಲ್ಲಿ ಆಸ್ಪತ್ರೆಯೊಂದನ್ನು ಕಟ್ಟಲು ಅಪ್ಪಣೆ ಕೊಟ್ಟರು. 1954ರಿಂದ ಅದು ಸರ್ಕಾರಿ ಹೋಟೆಲು. ಹಳೆಯ ಕೋಟೆ, ಮಠಗಳನ್ನು ತಂಗುದಾಣ ಮಾಡುವ ಈ ಕ್ರಮಕ್ಕೆ ಆ ದೇಶದಲ್ಲಿ 1928ರಲ್ಲೇ ಶುರುವಾದ 'ಪರಾದೋರ್' ಎಂಬ ಹೋಟೆಲುಗಳ ಸರಣಿಯೇ ಇದೆ. ಅಗ್ಗದ ಯಾತ್ರಿಕನಿಗೆ ದಾರಿಯುದ್ದಕ್ಕೂ ಬೇರೆ ಸರಳ ವಸತಿಗಳಿವೆ.

ನಮ್ಮ ಯಾತ್ರಿಕನ ಮುಂದೆ ಈಗಿರುವ ಆಯ್ಕೆಗಳೇನು? ಹಾಸನದಲ್ಲಿ ಎಲ್ಲ ದರದ ಹೋಟೆಲುಗಳಿವೆ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿಗಳಿಗೆ ಅದೇ ಅನುಕೂಲ. ಆದರೆ ನುಗ್ಗೇಹಳ್ಳಿಗೆ ಅಲ್ಲಿಂದ ಸುಮಾರು 50 ಕಿ.ಮೀ. ಶ್ರವಣಬೆಳಗೊಳದಲ್ಲಿ ಯಾತ್ರಿಕರ ಧರ್ಮಶಾಲೆಗಳಿವೆ. ಕಡಿಮೆ ಖರ್ಚು, ಸ್ವಚ್ಛ ವಾತಾವರಣ. ಆದರೆ ಕ್ಷೇತ್ರದ ಕಟ್ಟುಪಾಡುಗಳನ್ನು ಪಾಲಿಸಬೇಕು, ಮದ್ಯಮಾಂಸದ ಮಾತೇ ಇಲ್ಲ. 58 ಅಡಿಯ ಗೊಮ್ಮಟನನ್ನು ಬೆಳಗಿನ ತಂಪಿನಲ್ಲಿ ಹತ್ತಿ ನೋಡಿ, ಸಂಜೆಯ ಹೊತ್ತಿಗೆ ನುಗ್ಗೇಹಳ್ಳಿ ಸೇರುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕದ ದಿನಗಳ ಮಾತು ಬೇರೆ. ಹಿಂದಿನದು 2018ರಲ್ಲಿ ನಡೆಯಿತು. ಎರಡರ ನಡುವೆ ಇರುವ ಚನ್ನರಾಯಪಟ್ಟಣದ ಸಾದಾ ವಸತಿಗೃಹಗಳೂ ಸಾಕು. ಬೆಂಗಳೂರು–ಹಾಸನ ರೈಲುಮಾರ್ಗ 2017ರಲ್ಲಿ ಪೂರ್ಣವಾದ ಮೇಲೆ ಈ ಎರಡು ಊರುಗಳಿಗೂ ರೈಲಿದೆ. ಅರಳಗುಪ್ಪೆ, ತುರುವೇಕೆರೆಗಳ ಗುಡಿಗಳನ್ನೂ ಸೇರಿಸಿಕೊಳ್ಳುವವರು ತಿಪಟೂರಿನಲ್ಲಿ ತಂಗಬಹುದು.

ಇದು ಬರೀ ಅನುಕೂಲದ ಮಾತಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿ. ಆದರೆ ಪಟ್ಟಿಯಲ್ಲಿರುವುದು ಮೂರೇ ಹೆಸರು. ಜನ, ಹಣ, ಗಮನ ಮೂರೂ ಅತ್ತ ಹರಿಯುವುದು ಸಹಜ. ಕೈಬಿಟ್ಟ ಗುಡಿಗೆ ಏನಾಗಬಹುದೆಂಬುದಕ್ಕೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು ನೆನೆಯಬೇಕು. ಬೇಲೂರಿಗಿಂತ ಹಳೆಯದಾದ ಆ ಗುಡಿಯ ಕಾಳಿಯ ವಿಗ್ರಹ 2020ರ ನವೆಂಬರಿನಲ್ಲಿ ಒಡೆದು ಬಿದ್ದಿದ್ದು ಕಂಡಿತು. ಹಾಸನದಿಂದ ಬೇಲೂರಿಗೆ ಹೋಗುವ ಅಷ್ಟೂ ವಾಹನಗಳು ಅದರ ಸಮೀಪದಲ್ಲೇ ಹಾದುಹೋಗುತ್ತವೆ.

ನಾಲ್ಕು ಜನ ಬಂದುಹೋಗುವ ಗುಡಿಗೆ ಊರವರ ಕಾವಲೂ ಇರುತ್ತದೆ, ಅರ್ಚಕರ ಉತ್ಸಾಹವೂ ಉಳಿಯುತ್ತದೆ. ಪ್ರವಾಸಿ ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದರ ಮೇಲೆ ಮರುದಿನ ಯಾವ ಗುಡಿಯ ಬಾಗಿಲು ತೆರೆಯುತ್ತದೆ ಎಂಬುದು ನಿಂತಿದೆ. ಮುಂದಿನ ರಜೆಯಲ್ಲಿ ಐದು ಊರಿನ ಬದಲು ಎರಡು ಊರು ಸಾಕೆಂದುಕೊಂಡು, ಚನ್ನರಾಯಪಟ್ಟಣದಲ್ಲಿ ಒಂದು ಕೋಣೆ ಹಿಡಿಯಿರಿ. ಬೆಳಗ್ಗೆ ಎದ್ದು ಮೊದಲ ಬಸ್ಸಿಗೆ ಹೋದರೆ ಬೈಚೋಜನೂ ಮಲ್ಲಿತಮ್ಮನೂ ಬಿಡುವಾಗಿಯೇ ಸಿಗುತ್ತಾರೆ.