ಅಂಜುಬುರುಕ ಬೆಕ್ಕಿಗೊಂದು ಮನೆ

ಬೆಕ್ಕನ್ನು ಸಾಕಬೇಕೆಂದು ಪ್ರಾಣಿಗಳ ಆಶ್ರಯಧಾಮಕ್ಕೆ ಹೋದವರು ಸಾಮಾನ್ಯವಾಗಿ ಯಾವ ಬೆಕ್ಕನ್ನು ಆರಿಸಿಕೊಳ್ಳುತ್ತಾರೆ, ಬಲ್ಲಿರಾ? ಗೂಡಿನ ಸರಳಿಗೆ ಮೈಯುಜ್ಜುತ್ತ, ತಾನಾಗಿಯೇ ಮಾತನಾಡಿಸುತ್ತ ಮುಂದೆ ಬರುವುದನ್ನು. ಇದಕ್ಕಾಗಿ ಅವರನ್ನು ದೂರುವಂತಿಲ್ಲ. ತರಗತಿಯಲ್ಲಿ ಕೈಯೆತ್ತಿದ ಹುಡುಗನನ್ನೇ ನಾವು ಉಪಾಧ್ಯಾಯರೂ ಎಬ್ಬಿಸಿ ನಿಲ್ಲಿಸುತ್ತೇವೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತವನಿಗೂ ಉತ್ತರ ಗೊತ್ತಿರಬಹುದೆಂಬುದು ವರ್ಷದ ಕೊನೆಗೆ ಹೊಳೆಯುತ್ತದೆ. ಗೂಡಿನ ಹಿಂಬದಿಯಲ್ಲಿ, ಗೋಡೆಗೆ ಮುಖಮಾಡಿ, ಮೈಯನ್ನು ಮುದ್ದೆಮಾಡಿಕೊಂಡು ಕುಳಿತ ಬೆಕ್ಕಿನ ಸ್ಥಿತಿಯೂ ಇಂಥದೇ. ತಿಂಗಳುಗಳು ಉರುಳುತ್ತವೆ, ಅದನ್ನು ಕೇಳುವವರಿಲ್ಲ. ಅಂಥ ಬೆಕ್ಕಿಗೆ ಮನೆ ದೊರಕಿಸುವ ಬಗೆ ಹೇಗೆಂಬುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮೈಸೂರಿನ ಹೊರವಲಯದ ಒಂದು ಆಶ್ರಯಧಾಮಕ್ಕೆ ನಾನು ನಾಲ್ಕು ವರ್ಷಗಳಿಂದ ಭಾನುವಾರಗಳಲ್ಲಿ ಹೋಗುತ್ತಿದ್ದೇನೆ. ಅಲ್ಲಿ ಬೂದುಬಣ್ಣದ ಒಂದು ಹೆಣ್ಣುಬೆಕ್ಕಿತ್ತು. 'ಬೂದಿ' ಎಂದೇ ಅದನ್ನು ಕರೆಯುತ್ತಿದ್ದೆವು. ಒಬ್ಬಂಟಿಯಾಗಿದ್ದ ಅದರ ಯಜಮಾನರು ತೀರಿಕೊಂಡು, ಮನೆಗೆ ಬೀಗ ಬಿದ್ದಮೇಲೆ ನೆರೆಯವರು ತಂದುಬಿಟ್ಟಿದ್ದರು. ಏಳು ತಿಂಗಳಾದರೂ ನಾವು ಯಾರೂ ಅದರ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಹತ್ತಿರ ಹೋದರೆ ಕಿವಿ ಚಪ್ಪಟೆಮಾಡಿ ಬುಸುಗುಟ್ಟುತ್ತಿತ್ತು. ನೋಡಲು ಬಂದವರು, "ಇದು ಕೋಪಿಷ್ಠ ಬೆಕ್ಕು" ಎಂದು ಮುಂದಿನ ಗೂಡಿಗೆ ಹೋಗುತ್ತಿದ್ದರು.

ಅದು ಕೋಪವಲ್ಲ, ಅಂಜಿಕೆ. ಈ ಅಂಜಿಕೆಯ ಬೇರು ಬಹುಮಟ್ಟಿಗೆ ಮರಿಯ ವಯಸ್ಸಿನಲ್ಲಿದೆ. ಅಮೆರಿಕದ ಫಿಲಡೆಲ್ಫಿಯದಲ್ಲಿರುವ ಟೆಂಪಲ್ ವಿಶ್ವವಿದ್ಯಾನಿಲಯದ ಐಲೀನ್ ಕಾರ್ಷ್ ಎಂಬವರು 1980ರ ದಶಕದಲ್ಲಿ ಬೆಕ್ಕಿನ ಮರಿಗಳನ್ನು ಪರೀಕ್ಷಿಸಿ, ಹುಟ್ಟಿದ 2ನೆಯ ವಾರದಿಂದ 7ನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಮನುಷ್ಯರನ್ನು ನಂಬಲು ಕಲಿಯುತ್ತದೆಂದು ತೋರಿಸಿದರು. ಆ ಕಾಲ ಕಳೆದರೆ ಕಲಿಸುವುದು ಕಷ್ಟ. 1995ರಲ್ಲಿ ಪ್ರಕಟವಾದ ಸಾಂಡ್ರಾ ಮೆಕ್‌ಕ್ಯೂನ್ ಅವರ ಅಧ್ಯಯನ ಮತ್ತೊಂದು ಸಂಗತಿಯನ್ನು ಹೇಳಿತು: ತಂದೆ ಬೆಕ್ಕು ಧೈರ್ಯದ ಸ್ವಭಾವದ್ದಾದರೆ, ಮರಿಗಳು ಆ ತಂದೆಯನ್ನು ಕಾಣದೆ ಬೆಳೆದರೂ ಹೆಚ್ಚು ಧೈರ್ಯವುಳ್ಳವಾಗಿರುತ್ತವೆ. ಎಂದರೆ, ಅಂಜಿಕೆ ಸ್ವಲ್ಪ ಹುಟ್ಟಿನಿಂದ ಬಂದದ್ದು, ಸ್ವಲ್ಪ ಬಾಲ್ಯದ್ದು. ಉಳಿದದ್ದು ಅನುಭವದ್ದು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ತಿಳಿದೇ ಇದೆ. ಕುದಿಯುವ ಹಾಲಿಗೆ ಒಮ್ಮೆ ಬಾಯಿಟ್ಟು ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲನ್ನು ಕಂಡರೇ ಓಡಿತು. ಕಥೆ ನಗುವುದಕ್ಕಾಗಿ ಕಟ್ಟಿದ್ದು. ಆದರೆ ಅದರೊಳಗಿನ ಮಾತು ಸುಳ್ಳಲ್ಲ. ಭಯವನ್ನು ಕಲಿಯಲು ಒಂದು ಗಳಿಗೆ ಸಾಕು, ಮರೆಯಲು ವರ್ಷವೂ ಸಾಲದು.

ಒಂದು ಭೇದವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೀದಿಯಲ್ಲಿಯೇ ಹುಟ್ಟಿ, ಮನುಷ್ಯರ ಸಂಪರ್ಕವೇ ಇಲ್ಲದೆ ಬೆಳೆದ ದೊಡ್ಡ ಬೆಕ್ಕು ಬೇರೆ, ಮನೆಯಲ್ಲಿದ್ದು ಹೆದರಿದ ಬೆಕ್ಕು ಬೇರೆ. ಮೊದಲನೆಯದನ್ನು ನಾಲ್ಕು ಗೋಡೆಗಳೊಳಗೆ ಕೂಡುವುದು ಉಪಕಾರವಾಗದು. ಸಂತಾನಹರಣ ಚಿಕಿತ್ಸೆ ಮಾಡಿಸಿ ಅದರ ಠಾವಿಗೇ ಬಿಟ್ಟು ಅನ್ನ ಹಾಕುವುದು ಮೇಲು.

ಆಶ್ರಯಧಾಮ ಎಷ್ಟೇ ಒಳ್ಳೆಯದಾಗಿರಲಿ, ಬೆಕ್ಕಿಗೆ ಅದು ಸಂತೆ. ಪಕ್ಕದಲ್ಲಿ ನಾಯಿಗಳ ಬೊಗಳು, ಔಷಧಿಯ ವಾಸನೆ, ದಿನಕ್ಕೊಂದು ಹೊಸ ಮುಖ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾನಿಲಯದವರು ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅವಿತುಕೊಳ್ಳಲು ಪೆಟ್ಟಿಗೆಯೊಂದನ್ನು ಕೊಟ್ಟು, ಉಳಿದ 9ಕ್ಕೆ ಕೊಡದೆ ನೋಡಿದರು. 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಪೆಟ್ಟಿಗೆಯಿದ್ದವು ಮೂರು ನಾಲ್ಕು ದಿನಗಳಲ್ಲೇ ಹೆಚ್ಚು ನೆಮ್ಮದಿಯಾಗಿದ್ದವು. ಇಲ್ಲದವು ಆ ಸ್ಥಿತಿಗೆ ಬರಲು ಎರಡು ವಾರ ಬೇಕಾಯಿತು. ಕೇವಲ ಒಂದು ಪೆಟ್ಟಿಗೆ! ನಾವೂ ಅಂಗಡಿಯಿಂದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ತಂದು ಬೂದಿಯ ಗೂಡಿನಲ್ಲಿಟ್ಟೆವು. ಅದರೊಳಗೆ ಹೊಕ್ಕ ಸಂಜೆಯೇ ನಮ್ಮ ಕಣ್ಣೆದುರು ಮೊದಲ ಸಲ ಊಟ ಮಾಡಿತು.

ಆಮೇಲೆ ನಾನು ತಪ್ಪು ಮಾಡಿದೆ. ಒಬ್ಬ ಪರಿಚಿತರು ಬೆಕ್ಕು ಬೇಕೆಂದು ಬಂದಾಗ, ಹೇಗಾದರೂ ಬೂದಿಗೆ ಮನೆಯಾಗಲೆಂಬ ಆತುರದಲ್ಲಿ, "ಬಹಳ ಸಾಧು, ಎರಡು ದಿನದಲ್ಲಿ ಒಗ್ಗಿಕೊಳ್ಳುತ್ತದೆ" ಎಂದುಬಿಟ್ಟೆ. ಅವರ ಮನೆ ತುಂಬಿದ ಮನೆ. ಮೂವರು ಮಕ್ಕಳು, ಮೇಲಾಗಿ ಮುಂದಿನ ವಾರ ಮದುವೆ. ಮಕ್ಕಳು ಅಕ್ಕರೆಯಿಂದಲೇ ಅದನ್ನು ಎಳೆದಾಡಿದರು. ಅದು ಅಟ್ಟವನ್ನೇರಿ ಪಾತ್ರೆಗಳ ಹಿಂದೆ ಸೇರಿಕೊಂಡು ಊಟ ಬಿಟ್ಟಿತು. ನಾಲ್ಕನೆಯ ದಿನ, ಕೈಮೇಲೆ ಪರಚಿದ ಗಾಯಗಳೊಡನೆ ಅವರು ಅದನ್ನು ಹಿಂದಕ್ಕೆ ತಂದರು. ಅವರದು ಏನೂ ತಪ್ಪಿಲ್ಲ. ನಾನು ನಿಜ ಹೇಳಿದ್ದರೆ ಅವರು ಬೇರೆ ಬೆಕ್ಕನ್ನು ಒಯ್ಯುತ್ತಿದ್ದರು, ಬೂದಿಯೂ ಇನ್ನಷ್ಟು ಹೆದರುತ್ತಿರಲಿಲ್ಲ.

ಆದ್ದರಿಂದ ಇಂಥ ಬೆಕ್ಕಿಗಾಗಿ ಹುಡುಕಬೇಕಾದುದು ಪ್ರೀತಿಸುವವರನ್ನಷ್ಟೇ ಅಲ್ಲ, ಸದ್ದಿಲ್ಲದ ಮನೆಯನ್ನು. ದೊಡ್ಡವರೇ ಇರುವ, ನೆಂಟರಿಷ್ಟರ ಗಲಾಟೆ ಕಡಿಮೆಯಿರುವ, ದಿನಚರಿ ತಪ್ಪದ ಮನೆಯಾದರೆ ಒಳ್ಳೆಯದು. ಕೊಡುವವರು ಮುಚ್ಚುಮರೆಯಿಲ್ಲದೆ ಹೇಳಬೇಕು: ಇದು ನಿಮ್ಮ ತೊಡೆಯೇರಲಿಕ್ಕಿಲ್ಲ, ಹೆಸರು ಕರೆದರೆ ಬರಲಿಕ್ಕಿಲ್ಲ, ತಿಂಗಳುಗಟ್ಟಲೆ ಮಂಚದ ಕೆಳಗೇ ಇರಬಹುದು. ಇಷ್ಟನ್ನು ಕೇಳಿಯೂ ಒಪ್ಪಿದವರಿಗೆ ಆಮೇಲೆ ದೊರಕುವುದೆಲ್ಲ ಲಾಭವೇ.

ನೀವು ಅಂಥವರಲ್ಲೊಬ್ಬರಾದರೆ, ಮೊದಲು ಇಡೀ ಮನೆಯನ್ನು ಅದಕ್ಕೆ ತೋರಿಸಹೋಗಬೇಡಿ. ಒಂದೇ ಕೋಣೆ ಕೊಡಿ. ಒಂದು ಮೂಲೆಯಲ್ಲಿ ಮಗ್ಗುಲಾಗಿ ಇಟ್ಟ ರಟ್ಟಿನ ಪೆಟ್ಟಿಗೆ, ಅದರೊಳಗೆ ಆಶ್ರಯಧಾಮದಲ್ಲಿ ಅದು ಮಲಗುತ್ತಿದ್ದ ಹಳೆಯ ಬಟ್ಟೆ, ತೊಳೆಯದೆ. ಆ ವಾಸನೆಯೊಂದೇ ಅದಕ್ಕೆ ಪರಿಚಿತವಾದದ್ದು. ನೀರು ಮತ್ತು ಊಟ ಒಂದು ಕಡೆ, ಮರಳಿನ ತಟ್ಟೆ ಅದಕ್ಕೆ ದೂರವಾಗಿ ಇನ್ನೊಂದು ಕಡೆ. ನೆಲಕ್ಕೆ ಫಿನಾಯಿಲ್ ಹಾಕಬೇಡಿ; ಬೆಕ್ಕಿಗೆ ಅದು ವಿಷ. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿಕೊಳ್ಳುತ್ತದೆ. ಕಿಟಕಿಗೆ ಜಾಲರಿಯಿರಲಿ. ಹೆದರಿದ ಬೆಕ್ಕು ತಪ್ಪಿಸಿಕೊಂಡರೆ ಹುಡುಕಿ ತರುವುದು ದುಸ್ಸಾಧ್ಯ. ದೀಪಾವಳಿ ಹತ್ತಿರವಿದ್ದರೆ ಪಟಾಕಿಯ ಗದ್ದಲ ಕಳೆದಮೇಲೆಯೇ ಕರೆತನ್ನಿ.

ಊಟದ ವಿಷಯದಲ್ಲಿ ನಮ್ಮ ಕಡೆಯ ಕೆಲವು ಮನೆಗಳಿಗೆ ತೊಡಕುಂಟು. ಬೆಕ್ಕು ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ದ್ರವ್ಯವಿಲ್ಲದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಾಲನ್ನ ಮಾತ್ರ ಹಾಕುತ್ತೇವೆನ್ನುವವರು ಬೆಕ್ಕನ್ನು ತಾರದಿರುವುದೇ ಲೇಸು; ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದೂ ಇಲ್ಲ. ಮನೆಯಲ್ಲಿ ಮಾಂಸ ಬೇಯಿಸದವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನು ಹಾಕಬಹುದು. ಹೊಸ ಮನೆಯಲ್ಲಿ ಮೊದಲ ದಿನ ಉಣ್ಣದಿದ್ದರೆ ಗಾಬರಿಯಿಲ್ಲ. ಎರಡು ದಿನ ಕಳೆದರೂ ಬಾಯಿಗೆ ಏನನ್ನೂ ಇಡದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಉಪವಾಸವಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಸೇರಿ ಪ್ರಾಣಕ್ಕೇ ಅಪಾಯವಾಗುತ್ತದೆ. ರೇಬೀಸ್ ಚುಚ್ಚುಮದ್ದು ಆಗಿದೆಯೆ ಎಂದು ಮೊದಲೇ ಕೇಳಿಕೊಳ್ಳಿ. ಕಚ್ಚಿದರೆ, ಪರಚಿದರೆ, 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಉಳಿದದ್ದು ಕುಳಿತಿರುವ ಕೆಲಸ. ದಿನವೂ ಅದೇ ಹೊತ್ತಿಗೆ ಕೋಣೆಗೆ ಹೋಗಿ, ನೆಲದ ಮೇಲೆ ಕುಳಿತು, ನಿಮ್ಮ ಪಾಡಿಗೆ ಪತ್ರಿಕೆ ಓದಿ. ಕೈಚಾಚಬೇಡಿ, ದಿಟ್ಟಿಸಬೇಡಿ. ಕಣ್ಣು ಕೂಡಿದರೆ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ ತೆರೆಯಿರಿ. ಹೀಗೆ ಮಾಡಿದವರಿಗೆ ಬೆಕ್ಕು ತಾನೂ ಕಣ್ಣನ್ನು ಕಿರಿದುಗೊಳಿಸಿ ಉತ್ತರಿಸುತ್ತದೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದವರು 2020ರಲ್ಲಿ ತೋರಿಸಿದ್ದಾರೆ. ನೀವಿಲ್ಲದ ಹೊತ್ತಿನಲ್ಲಿ ಬಾನುಲಿಯನ್ನು ಸಣ್ಣ ದನಿಯಲ್ಲಿ ಹಾಕಿಡಬಹುದು; ಮನುಷ್ಯರ ಮಾತು ಕಿವಿಗೆ ರೂಢಿಯಾಗುತ್ತದೆ. ಭಾಷಣವಾಗಲಿ, ವೀಣೆಯಾಗಲಿ ಆದೀತು. ಯುದ್ಧದ ಸನ್ನಿವೇಶವಿರುವ ನಾಟಕ ಬೇಡ.

ಪಂಡಿತ ಪರೀಕ್ಷೆಗೆ ಓದಿದವನಾದ್ದರಿಂದ ಒಂದು ಶಬ್ದದ ಮಾತು. 'ಮಾರ್ಜಾರ' ಎಂಬುದು 'ಶುಚಿಮಾಡು' ಎಂಬರ್ಥದ ಮೃಜ್ ಧಾತುವಿನಿಂದ ಬಂದದ್ದು. ಸದಾ ಮೈ ನೆಕ್ಕಿ ಶುಚಿಮಾಡಿಕೊಳ್ಳುವುದರಿಂದ ಬೆಕ್ಕಿಗೆ ಆ ಹೆಸರು. ತೀರ ಹೆದರಿದ ಬೆಕ್ಕು ಈ ಕೆಲಸವನ್ನೇ ಬಿಟ್ಟುಬಿಡುತ್ತದೆ. ನೀವು ಕೋಣೆಯಲ್ಲಿರುವಾಗಲೇ ಅದು ಕಾಲು ಚಾಚಿ ಮೈ ನೆಕ್ಕಿಕೊಳ್ಳತೊಡಗಿದ ದಿನ, ಬಾಗಿಲನ್ನು ಸ್ವಲ್ಪ ತೆರೆದಿಡಬಹುದು.

ಬೂದಿಗೆ ಮನೆ ಸಿಕ್ಕಿದ್ದು ಇನ್ನೂ ಐದು ತಿಂಗಳ ಮೇಲೆ. ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬ ಮಹಿಳೆ, ಜೊತೆಗೆ ಅವರ ಅಕ್ಕ, ಇಬ್ಬರೇ. ಈ ಸಲ ಅಟ್ಟದ ಕಥೆಯನ್ನೂ ಬಿಡದೆ ಎಲ್ಲವನ್ನೂ ಹೇಳಿದೆ. ಆಕೆ ಕೇಳಿ ನಕ್ಕು, "ಇರಲಿ ಬಿಡಿ ಮೇಷ್ಟ್ರೇ, ಯಾರಾದರೂ ಬಂದರೆ ನಾನೂ ಒಳಗೆ ಹೋಗಿ ಕೂರುವವಳೇ" ಎಂದರು. ಹನ್ನೊಂದು ದಿನ ಪೆಟ್ಟಿಗೆಯಲ್ಲೇ ಇತ್ತಂತೆ. ರಾತ್ರಿ ಮಾತ್ರ ಬಟ್ಟಲು ಬರಿದಾಗುತ್ತಿತ್ತು. ಆರನೆಯ ವಾರದಲ್ಲಿ ಅಕ್ಕನವರು ಹೂ ಕಟ್ಟುತ್ತಿದ್ದಾಗ ಬಂದು ದಾರದ ತುದಿಯನ್ನು ಮುಟ್ಟಿ ಓಡಿಹೋಯಿತಂತೆ. ಈಗ ರಾತ್ರಿ ತಂಗಿಯ ಕಾಲಬುಡದಲ್ಲಿ ಮಲಗುತ್ತದೆ. ಕರೆಗಂಟೆ ಬಾರಿಸಿದರೆ ಮಾತ್ರ ಇಂದಿಗೂ ಮಾಯ. ನಾನು ಆ ಮನೆಗೆ ಮೂರು ಸಲ ಹೋಗಿದ್ದೇನೆ. ಎರಡು ಸಲ ಕಾಫಿ ಕುಡಿದು ಬಂದದ್ದಷ್ಟೇ. ಮೂರನೆಯ ಸಲ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಬಾಲದ ತುದಿ ಕಂಡಿತು.