ಚೊಣಕ್ ಮೀನು: ತಾಯಿಮೀನುಗಳನ್ನು ಉಳಿಸುವ ಅವಶ್ಯಕತೆ

ಅಳಿವೆಗಳಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕುವವರಿಗೆ ಅತಿ ಪ್ರಿಯವಾದ ಮೀನುಗಳಲ್ಲಿ ಚೊಣಕ್ ಒಂದು. ಕಾರವಾರ ಮತ್ತು ಗೋವೆಯ ಕೊಂಕಣಿಗರು ಈ ಹೆಸರಿನಿಂದ ಕರೆಯುವ ಮೀನಿಗೆ ಬಂಗಾಳದಲ್ಲಿ ಭೆಟ್ಕಿಯೆಂದೂ, ತಮಿಳುನಾಡಿನಲ್ಲಿ ಕೊಡುವಾ ಎಂದೂ, ಆಸ್ಟ್ರೇಲಿಯದಲ್ಲಿ ಬಾರಮುಂಡಿಯೆಂದೂ ಹೆಸರು. ಬೆಳ್ಳಿಯ ಹೊಳಪಿನ ಮೈ, ಚೂಪಾದ ಮೂತಿ, ಮುಂಚಾಚಿದ ಕೆಳದವಡೆ, ದುಂಡಾದ ಬಾಲ ಇವು ಇದರ ಲಕ್ಷಣಗಳು. ಗಾಳಕ್ಕೆ ಸಿಕ್ಕಿದೊಡನೆ ನೀರಿನಿಂದ ಮೇಲಕ್ಕೆ ನೆಗೆದು ಸೆಣಸುವುದರಿಂದ ಇದಕ್ಕೆ ಹೆಚ್ಚಿನ ಖ್ಯಾತಿಯುಂಟಾಗಿದೆ.

ಇದರ ಜೀವನಕ್ರಮವು ವಿಚಿತ್ರವಾದುದು. ಬೆಳೆದ ಮೀನುಗಳು ನದೀಮುಖದ ಉಪ್ಪುನೀರಿನಲ್ಲಿ ಮೊಟ್ಟೆಯಿಡುವುವು. ಮರಿಗಳು ಭರತದೊಡನೆ ಕೋಡಿಗಳಿಗೂ ಕಾಂಡ್ಲಾ ಗಿಡಗಳ ಬುಡಕ್ಕೂ ಬಂದು ಬೆಳೆಯುವುವು. ಕೆಲವು ಸಿಹಿನೀರಿಗೂ ಏರಿಹೋಗುವುವು. ಸಾಮಾನ್ಯವಾಗಿ ಈ ಮೀನು ಮೊದಲು ಗಂಡಾಗಿ ಬಲಿತು, ಕೆಲವು ವರ್ಷಗಳನಂತರ ಹೆಣ್ಣಾಗಿ ಮಾರ್ಪಡುತ್ತದೆ. ಆದಕಾರಣ ದೊಡ್ಡ ಮೀನುಗಳಲ್ಲಿ ಹೆಚ್ಚಿನವು ತಾಯಿಮೀನುಗಳೇ. ಅಂತಹ ಒಂದೊಂದು ಮೀನೂ ಲಕ್ಷಾಂತರ ಮೊಟ್ಟೆಗಳನ್ನಿಡಬಲ್ಲುದು.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುವುವು. ಚಿಕ್ಕ ಮೀನುಗಳನ್ನೆಲ್ಲ ಹಿಡಿದರೆ ಹೆಣ್ಣಾಗುವಷ್ಟು ಕಾಲ ಬದುಕುವ ಮೀನೇ ಉಳಿಯದು. ಅತಿ ದೊಡ್ಡವನ್ನು ಹಿಡಿದರೆ ಸಂತಾನದ ಮೂಲವೇ ನಾಶವಾಗುವುದು. ಇದನ್ನರಿತು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಕರಾವಳಿಯಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದಾದ ಹಾಗೂ 120 ಸೆಂಟಿಮೀಟರಿಗಿಂತ ದೊಡ್ಡದಾದ ಮೀನನ್ನು ನೀರಿಗೆ ಹಿಂದಿರುಗಿಸಬೇಕೆಂದು ವಿಧಿಸಿರುವರು. ಮೊಟ್ಟೆಯಿಡುವ ಕಾಲದಲ್ಲಿ ಹಿಡಿಯುವುದನ್ನೂ ನಿಷೇಧಿಸಿರುವರು.

ನಮ್ಮ ಕರಾವಳಿಯ ಗ್ರಾಮಮುಖಂಡರೂ ಜಮೀನುದಾರರೂ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಹೊಳೆಯ ದಡದ ಕಾಂಡ್ಲಾ ಗಿಡಗಳನ್ನು ಕಡಿಯಗೊಡಬಾರದು. ಮರಿಗಳಿಗೆ ಆಶ್ರಯವೂ ಆಹಾರವೂ ಅಲ್ಲಿಯೇ ದೊರೆಯುವುದು.

2. ಗಜನಿ ಗದ್ದೆಗಳ ತೂಬಿನಲ್ಲಿ ಸಣ್ಣ ಕಣ್ಣಿನ ಬಲೆಯೊಡ್ಡಿ ಮರಿಗಳನ್ನು ಹಿಡಿಯಬಾರದು. ಸಿಕ್ಕಿದ ಮರಿಗಳನ್ನು ಜೀವಸಹಿತ ಹೊಳೆಗೆ ಬಿಡುವುದು.

3. ಕೊಳಗಳಲ್ಲಿ ಸಾಕಲಿಚ್ಛಿಸುವವರು ಹೊಳೆಯ ಮರಿಗಳನ್ನು ಬಳಸದೆ, ಮರಿ ಉತ್ಪಾದನಾ ಕೇಂದ್ರಗಳಿಂದ ಪಡೆಯುವುದು ಲೇಸು. ಚೆನ್ನೈಯ ಕೇಂದ್ರೀಯ ಸವುಳುನೀರು ಜಲಕೃಷಿ ಸಂಸ್ಥೆಯವರು 1997ರಲ್ಲಿಯೇ ಇದರ ಮರಿಗಳನ್ನು ಕೃತಕವಾಗಿ ಉತ್ಪಾದಿಸುವುದರಲ್ಲಿ ಯಶಸ್ವಿಯಾದರು.

4. ದೊಡ್ಡ ಮರಿಗಳು ಚಿಕ್ಕವನ್ನು ನುಂಗುವುದರಿಂದ ಗಾತ್ರಾನುಸಾರ ಆಗಾಗ್ಗೆ ಬೇರ್ಪಡಿಸುತ್ತಿರಬೇಕು. ಸೀಗಡಿ ಸಾಕುವ ಕೊಳಕ್ಕೆ ಈ ಮೀನನ್ನು ಸೇರಿಸಲೇಬಾರದು.

ಬಿತ್ತನೆಯ ಬೀಜವನ್ನು ಉಣ್ಣದೆ ತೆಗೆದಿಡುವುದು ರೈತನಿಗೆ ಹೊಸ ಮಾತಲ್ಲ. ಹೊಳೆಯ ತಾಯಿಮೀನಿನ ವಿಷಯದಲ್ಲಿಯೂ ಅದೇ ವಿವೇಕವನ್ನು ಗ್ರಾಮಸ್ಥರಿಗೆ ತಿಳಿಯಹೇಳುವುದು ಮುಖಂಡರ ಕರ್ತವ್ಯವಾಗಿದೆ.